ಕಲ್ಲೂರಗಿಗೆ ಬಿಸಿಲು ಬೇಗ ಬಂದ ಐತವಾರ

ಬಿಸಿಲನ್ನು ಇಲ್ಲವಾಗಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಅದನ್ನು ಆಚೀಚೆ ಸರಿಸಲು ಆಗುವುದಾದರೆ? ಮಟಮಟ ಮಧ್ಯಾಹ್ನದ ಧಗೆಯನ್ನು ಎತ್ತಿ ಬೇರೆ ಹೊತ್ತಿಗೆ ಇಡಬಹುದಾದರೆ? ಬೇರೆ ಊರಿನವರಿಗೆ ಇದು ಕಟ್ಟೆಯ ಮೇಲಿನ ಹರಟೆಯ ಮಾತಾಗಿರಬಹುದು, ಕಲ್ಲೂರಗಿಯವರಿಗಲ್ಲ. ಅಲ್ಲಿ ಯುಗಾದಿ ಕಳೆಯುವುದೇ ತಡ, ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕಿಕೊಂಡು ಕುಡಿಯುವಂಥ ನೀರು ಬರುತ್ತದೆ. ಆ ಊರಿಗೆ ಹೆಣ್ಣು ಕೊಡುವವರು ಹುಡುಗನ ನೌಕರಿ ಕೇಳುವುದು ಆಮೇಲೆ, ಮೊದಲು ಕೇಳುವುದು, "ಮನಿಗೆ ನೆಲಮಾಳಿಗಿ ಐತೇನ್ರಿ?"

ಹೀಗಾಗಿ ಊರ ಕೆಳಗಿನ ಹಳೆಯ ಕಲ್ಲುಗಣಿಗಳಲ್ಲಿ ಲಾರಿಗಟ್ಟಲೆ ಉಪ್ಪು ತುಂಬಿದಾಗ ಯಾರೂ ನಗಲಿಲ್ಲ. ಅದು ಸಾರಿಗೆ ಹಾಕುವ ಉಪ್ಪಲ್ಲ. ಕಾವು ತಾಗಿದರೆ ಕರಗಿ, ಆ ಕಾವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ಬೇಕೆಂದಾಗ ಗಟ್ಟಿಯಾಗಿ ಅಷ್ಟನ್ನೂ ಕಕ್ಕುವ ಒಂದು ಜಾತಿಯ ಉಪ್ಪು. ಬೀದಿಗಳ ಕೆಳಗೆ, ಮಾಳಿಗೆಗಳ ಮೇಲೆ ಕೊಳವೆಗಳನ್ನು ಹರಡಿದರು. ಇವತ್ತಿನ ಬಿಸಿಲನ್ನು ಉಪ್ಪು ಕುಡಿಯುತ್ತದೆ. ನಾಳೆ ಯಾವ ಹೊತ್ತಿಗೆ ಎಷ್ಟು ಬಿಡಬೇಕು ಎಂಬುದನ್ನು ಒಬ್ಬರು ಗೆರೆ ಎಳೆದು ಹೇಳಬೇಕು. ಅಡ್ಡಕ್ಕೆ ಹೊತ್ತು, ಮೇಲಕ್ಕೆ ಕಾವು. ಆ ಗೆರೆಯನ್ನು ಎಡಕ್ಕೆ ಬಲಕ್ಕೆ ಸರಿಸಬಹುದು, ತಟ್ಟಿ ಚಪ್ಪಟೆ ಮಾಡಬಹುದು, ಹಿಂಡಿ ಎತ್ತರಿಸಬಹುದು, ಬೇಕಾದರೆ ಬೋರಲು ಹಾಕಬಹುದು. ಕಟ್ಟಳೆ ಒಂದೇ: ಗೆರೆ ಹೇಗೇ ಇರಲಿ, ಅದರ ಕೆಳಗಿನ ಜಾಗ ಅಷ್ಟಕ್ಕಷ್ಟೇ ಇರಬೇಕು. ಕುಡಿದದ್ದನ್ನೆಲ್ಲ ಉಪ್ಪು ಕಕ್ಕಲೇಬೇಕು.

ಈ ಗೆರೆ ಎಳೆಯುವ ಕೆಲಸ ನೀಲಾಂಬಿಕೆಯ ಪಾಲಿಗೆ ಬಂದಿತ್ತು. ಸರ್ಕಾರದ ಬೋರ್ಡಿನಲ್ಲಿ 'ತಾಪರೇಖಾ ನಿಯಂತ್ರಣ ಕೇಂದ್ರ' ಎಂದಿದ್ದರೂ ಊರವರು ಅವಳ ಕೋಣೆಯನ್ನು ಕರೆಯುತ್ತಿದ್ದದ್ದು 'ಗೆರಿ ಖೋಲಿ' ಎಂದು. ಅದಕ್ಕೂ ಮೊದಲು ಅವಳು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು. ಕಪ್ಪು ಹಲಗೆಯ ಮೇಲೆ ವಕ್ರರೇಖೆ ಬರೆದು, ಅದನ್ನು ಸರಿಸಿ, ಹಿಗ್ಗಿಸಿ, ಮಗುಚಿ ತೋರಿಸುವಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬ ಕೇಳಿಯೇ ಕೇಳುತ್ತಿದ್ದ, "ಅಕ್ಕಾರ, ಇದನ್ನ ತಗೊಂಡು ಏನ್ ಮಾಡೂದ್ರಿ?" ಉತ್ತರ ಅವಳಿಗೂ ಗೊತ್ತಿರಲಿಲ್ಲ. ಈಗ ಅವಳು ಗೆರೆ ಸರಿಸಿದರೆ ಇಡೀ ಊರು ಬೆವರುತ್ತದೆ, ಇಲ್ಲವೇ ತಣ್ಣಗಾಗುತ್ತದೆ. ಅದನ್ನು ನೆನೆದಾಗಲೆಲ್ಲ ಅವಳಿಗೆ ಖುಷಿಯಿಂದ ಮೈ ಜುಮ್ಮೆನ್ನುತ್ತಿತ್ತು. ಈ ಕೆಲಸವೆಂದರೆ ಅವಳಿಗೆ ಜೀವ.

ಮೊದಮೊದಲು ಏನೆಲ್ಲ ಫಜೀತಿಯಾಯಿತು ಎಂದು ಹೇಳಹೊರಟರೆ ಅದೇ ಒಂದು ಪುರಾಣ. ಗೆರೆಯನ್ನು ಬಲಕ್ಕೆ ಸರಿಸಿ ಮಧ್ಯಾಹ್ನದ ಧಗೆಯನ್ನು ರಾತ್ರಿಗೆ ಇಟ್ಟು ನೋಡಿದರು. ಊರಿಗೆ ಊರೇ ನಿದ್ದೆಗೆಟ್ಟು, ಬೆಳಿಗ್ಗೆ ಗಂಡ ಹೆಂಡಿರು ಮಾತಿಗೆ ಮಾತು ಬೆಳೆಸತೊಡಗಿದರು. ಬೋರಲು ಹಾಕಿದರು, ನಡುಹಗಲು ತಂಪಾಗಿ, ಬೆಳಗು ಬೈಗು ಕೊತಕೊತ ಕುದ್ದು, ಹಾಲಿನವರ ಹಾಲು ಕ್ಯಾನಿನಲ್ಲೇ ಒಡೆಯಿತು. ಕೊನೆಗೆ ನೀಲಾಂಬಿಕೆ ಗೆರೆಯನ್ನು ತಟ್ಟಿ ಚಪ್ಪಟೆ ಮಾಡಿದಳು. ಹಗಲೂ ರಾತ್ರಿಯೂ ಒಂದೇ ಹದ, ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ. ಊರು ಆಹಾ ಎಂದಿತು. ಮಧ್ಯಾಹ್ನ ಮೂರಕ್ಕೆ ಹುಡುಗರು ಬಯಲಲ್ಲಿ ಕ್ರಿಕೆಟ್ ಆಡಿದರು. ಮುದುಕರು ಹಗಲುಹೊತ್ತಿನಲ್ಲೇ ಕಟ್ಟೆಗೆ ಬಂದು ಕುಳಿತು ಎಲೆ ಅಡಿಕೆ ಹಾಕಿದರು. ಎಲ್ಲರೂ ಸುಖವಾಗಿದ್ದರು, ಶಾವಿಗೆ ಸಂಘದ ಹೆಂಗಸರನ್ನು ಬಿಟ್ಟು.

ಆ ಸಂಘದ ಅಧ್ಯಕ್ಷೆ ಗುರುಬಸವ್ವ ಬೇರೆ ಯಾರೂ ಅಲ್ಲ, ನೀಲಾಂಬಿಕೆಯ ಖಾಸಾ ಅತ್ತೆ. ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಸೇರಿ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಮುಯ್ಯಿಗೆ ಮುಯ್ಯಿ ಶಾವಿಗೆ ಹೊಸೆಯುತ್ತಾರೆ. ಕೂದಲೆಳೆಯಂಥ ಎಳೆಗಳನ್ನು ಕೋಲುಗಳ ಮೇಲೆ ಇಳಿಬಿಟ್ಟು ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಕಲ್ಲೂರಗಿಯ ಶಾವಿಗೆಗೆ ಸೊಲ್ಲಾಪುರದ ತನಕ ಹೆಸರು. ಆ ಹೆಸರು ಬಂದದ್ದೇ ಆ ಸುಡುಬಿಸಿಲಿನಿಂದ. ಚಪ್ಪಟೆ ಬಿಸಿಲಿನಲ್ಲಿ ಶಾವಿಗೆ ಒಣಗಲಿಲ್ಲ. ಎಳೆಗೆ ಎಳೆ ಅಂಟಿ ಹುಳಿ ವಾಸನೆ ಹೊಡೆಯಿತು.

"ಯವ್ವಾ ನೀಲಾ, ಇದೇನ ಬಿಸಲೋ, ಬೆಕ್ಕಿನ ಉಸಿರೋ?" ಎಂದು ಗುರುಬಸವ್ವ ಒಂದು ದಿನ ಊಟಕ್ಕೆ ಕುಳಿತಾಗಲೇ ಶುರು ಹಚ್ಚಿದಳು. "ಶಾವಿಗಿ ಕೋಲಿನ ಮ್ಯಾಲೆ ಮಕ್ಕೊಂಡು ನಿದ್ದಿ ಹೊಡ್ಯಾಕತ್ತಾವ, ಒಣಗವಲ್ಲವು."

"ಊರಿಗೆಲ್ಲಾ ತಂಪಾಗೈತಲ್ರಿ ಅತ್ತೀ."

"ಊರಿಗೆ ತಂಪು, ನಮ್ಮ ಹೊಟ್ಟಿಗೆ ತಣ್ಣೀರ ಬಟ್ಟಿ. ಬಿಸಲಂದ್ರ ಬಿಸಲಿದ್ದಂಗ ಇರಬೇಕವ್ವ."

ಮಗ ಮಹಾಂತೇಶ ಅತ್ತ ಹೆಂಡತಿಯ ಮುಖ ನೋಡಿದ, ಇತ್ತ ತಾಯಿಯ ಮುಖ ನೋಡಿದ, ಆಮೇಲೆ ಜಾಣನಾಗಿ ತನ್ನ ತಟ್ಟೆಯ ಬದನೆಕಾಯಿ ಪಲ್ಯ ನೋಡಿದ. ಮನೆಯ ಮುಂಭಾಗದಲ್ಲೇ ಖಾನಾವಳಿ ನಡೆಸುವ ಅವನಿಗೆ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಮಾತು ಮನೆಯಲ್ಲೇ ನಿಲ್ಲಲಿಲ್ಲ. ಸಂಘದ ಹೆಂಗಸರೆಲ್ಲ ಹುಳಿ ಶಾವಿಗೆಯ ಬುಟ್ಟಿ ಹೊತ್ತುಕೊಂಡು ಪುರಸಭೆಗೆ ಹೋಗಿ, ಅಧ್ಯಕ್ಷರ ಮೇಜಿನ ಮೇಲೆ ಸುರುವಿ ಬಂದರು. ಈ ಉಪ್ಪು ಕೊಳವೆಗಳ ಯಂತ್ರ ಬೇಕು ಎನ್ನುವವರು, ಬೇಡ ಎನ್ನುವವರು ಎಂದು ಊರು ಎರಡು ಪಾಲಾಯಿತು. ಕೊನೆಗೆ ಗುರುಬಸವ್ವನೇ ತೀರ್ಮಾನದ ದಾರಿ ಹೇಳಿದಳು: "ಬರೂ ಐತವಾರ ಒಂದು ದಿನ ನೋಡ್ತೀವಿ. ಸಂಜಿಗೆ ಶಾವಿಗಿ ಕೈಯಾಗ ಹಿಡದ್ರ ಪಟ್ ಅಂತ ಮುರೀಬೇಕು. ಬಾಗಿದ್ರ ಯಂತ್ರ ಬಂದ್." ಸಂಜೆ ಬಯಲಿನಲ್ಲಿ ಸಭೆ ಕೂಡಿಸಿ ಕೈ ಎತ್ತಿಸುವುದೆಂದೂ, ಸಂಘದ ಮಾತನ್ನು ಮೀರಬಾರದೆಂದೂ ಪುರಸಭೆ ಒಪ್ಪಿತು.

ಯಂತ್ರ ನಿಂತರೆ ನೀಲಾಂಬಿಕೆ ಮತ್ತೆ ಹಲಗೆಯ ಮುಂದೆ ನಿಲ್ಲಬೇಕು, 'ಏನ್ ಮಾಡೂದ್ರಿ' ಎಂಬ ಪ್ರಶ್ನೆಗೆ ಮತ್ತೆ ಬಾಯಿಲ್ಲದವಳಾಗಬೇಕು. ಆ ಯೋಚನೆಯಲ್ಲಿ ಊಟವೇ ಸೇರದೆ ಖಾನಾವಳಿಯ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು. ಮಹಾಂತೇಶ ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದ. ಅಗಲವಾಗಿ ಹರಡಿದ್ದ ಮುದ್ದೆಯನ್ನು ಎರಡೂ ಕೈಯಿಂದ ಒತ್ತಿದ. ಅದು ಎತ್ತರಕ್ಕೆ ಎದ್ದು ನಿಂತಿತು. ಹಿಟ್ಟು ಅಷ್ಟೇ, ಅಗಲ ಅರ್ಧವಾದರೆ ಎತ್ತರ ಇಮ್ಮಡಿ!

"ರೀ, ಇನ್ನೊಮ್ಮೆ ಒತ್ತರಿ!"

"ಯಾಕ, ಹದ ಬಂದಿಲ್ಲೇನು?"

"ಬಂತು, ಬಂತು!" ಎಂದು ಅವಳು ಹಿಟ್ಟಿನ ಕೈಯನ್ನೇ ಹಿಡಿದು ಕುಲುಕಿ ಗೆರಿ ಖೋಲಿಯತ್ತ ಓಡಿದಳು.

ಉಪಾಯ ಸರಳವಾಗಿತ್ತು. ದಿನದ ಬಿಸಿಲನ್ನೆಲ್ಲ ಹಿಂಡಿ ಅರ್ಧ ಹೊತ್ತಿನಲ್ಲಿ ಮುಗಿಸಿಬಿಡುವುದು. ಮಧ್ಯಾಹ್ನ ಎರಡು ಗಂಟೆಯ ಆಸುಪಾಸಿನಲ್ಲಿ ಹಿಂದೆಂದೂ ಕಾಣದ ಕಾವು. ಆಗ ಸೈರನ್ ಕೂಗಿಸಿ ಊರವರೆಲ್ಲ ನೆಲಮಾಳಿಗೆಗೆ ಇಳಿದು ಒಂದು ನಿದ್ದೆ ತೆಗೆಯುವುದು, ಮಾಳಿಗೆಯ ಮೇಲೆ ಶಾವಿಗೆ ಮಾತ್ರ ಇರುವುದು. ಮಿಕ್ಕ ಹೊತ್ತೆಲ್ಲ ಊರಿಗೆ ತಂಪು. ಶಾವಿಗೆಯೂ ಗರಿಗರಿ, ಊರೂ ಖುಷಿ. ಕೊಳವೆಗಳ ವಾಲ್ವು ನೋಡಿಕೊಳ್ಳುವ ಇಂಜಿನಿಯರ್ ದಸ್ತಗೀರ ಕೂಡ ಕೇಳಿ ಕುಣಿದುಬಿಟ್ಟ. ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ಈಗ ಎರಡು ಮಕ್ಕಳ ತಂದೆ, ಭರ್ಜರಿ ಮೀಸೆ, ಆದರೂ ಅವಳ ಮುಂದೆ ಕುರ್ಚಿಯಲ್ಲಿ ಕೂರಲು ಹಿಂಜರಿಯುವ ಮನುಷ್ಯ.

ಐತವಾರ ಬಂತು. ಹೊಸ ಗೆರೆಯ ಉದ್ಘಾಟನೆಗೆ ಮಂತ್ರಿಗಳೂ ಬಂದರು; ಇಂಥದ್ದನ್ನು ಅವರು ಬಿಡುವುದುಂಟೇ? ಬಯಲಿನಲ್ಲಿ ಶಾಮಿಯಾನ ಎದ್ದಿತು. ಹನ್ನೊಂದಕ್ಕೆ ಸಮಾರಂಭ, ಒಂದಕ್ಕೆ ಮುಕ್ತಾಯ, ಆಮೇಲೆ ಹೆಂಗಸರು ಮನೆಗೆ ಹೋಗಿ ಶಾವಿಗೆ ಮಾಳಿಗೆಗೆ ಏರಿಸುವುದು, ಎರಡಕ್ಕೆ ಬಿಸಿಲು. ಹೀಗೆ ಏರ್ಪಾಡು. ನಸುಕಿನಲ್ಲೇ ಎದ್ದು ಹೊಸೆದ ಹಸಿ ಶಾವಿಗೆ ಮನೆಮನೆಯ ಪಡಸಾಲೆಯಲ್ಲಿ ಕೋಲಿನ ಮೇಲೆ ತೂಗುತ್ತಿತ್ತು. ಸಂಘದ ಹೆಂಗಸರೆಲ್ಲ ಇಳಕಲ್ ಸೀರೆಯುಟ್ಟು ಶಾಮಿಯಾನದಲ್ಲಿ ಕುಳಿತಿದ್ದರು. ಮುಂದಿನ ಸಾಲಿನ ನಡುವೆ ಗುರುಬಸವ್ವ.

ಗೆರಿ ಖೋಲಿಯಲ್ಲಿ ನೀಲಾಂಬಿಕೆ ಕೈಕಟ್ಟಿ ಪರದೆಯ ಮುಂದೆ ನಿಂತಿದ್ದಳು. ದಸ್ತಗೀರ ಕೊಳವೆಗಳ ಕೋಣೆಯಿಂದ ಮುಖ ಒರೆಸಿಕೊಳ್ಳುತ್ತ ಬಂದ.

"ಅಕ್ಕಾರ, ಪೈಪು ಕಾಯಾಕತ್ತಾವ್ರಿ."

"ಈಗಿನ್ನೂ ಹನ್ನೊಂದಲ್ಲೋ. ಈಗ್ಯಾಕ ಕಾಯ್ತಾವ?"

"ಅದನ್ನ ಪೈಪಿಗೆ ಹೇಳಬೇಕ್ರಿ. ಕೈ ಹಚ್ಚಾಕ ಬರವಲ್ಲದು."

ಅವಳು ಪರದೆಯನ್ನು ನೋಡಿದಳು. ಚುಕ್ಕಿಚುಕ್ಕಿಯಾಗಿ ಬರೆದಿದ್ದ ಗೆರೆ ಅವಳು ಬಯಸಿದ್ದು. ಅದರ ತುದಿ ಎರಡು ಗಂಟೆಯ ಮೇಲಿತ್ತು. ಕೆಂಪಾಗಿ ಬೆಳೆಯುತ್ತಿದ್ದ ಗೆರೆ ನಿಜವಾಗಿ ಆಗುತ್ತಿದ್ದದ್ದು. ಅದು ಹನ್ನೆರಡರ ಕಡೆಗೆ ದಬದಬನೆ ಏರುತ್ತಿತ್ತು. ರೂಪ ಅದೇ, ಎತ್ತರ ಅದೇ, ಬರೋಬ್ಬರಿ ಎರಡು ಗಂಟೆ ಮುಂಚೆ. ತಾನು ಯಂತ್ರಕ್ಕೆ ಬರೆದುಕೊಟ್ಟ ಲೆಕ್ಕದ ಸಾಲನ್ನು ತೆರೆದು ನೋಡಿದಳು. ನೋಡಿದವಳೇ ಹಣೆ ಬಡಿದುಕೊಂಡಳು.

ಯಂತ್ರ ಹೊತ್ತನ್ನು ಎಣಿಸುವುದು ಬೆಳಗಿನ ಆರರಿಂದ. ಗೆರೆಯನ್ನು ಅರ್ಧಕ್ಕೆ ಹಿಂಡಿದಾಗ ಎರಡು ಗಂಟೆಯ ತುದಿ ಬೆಳಗಿನ ಕಡೆಗೆ ಜಗ್ಗಿಕೊಂಡು ಹತ್ತಕ್ಕೆ ಬರುತ್ತದೆ. ಅದನ್ನು ನಾಲ್ಕು ಗಂಟೆ ಬಲಕ್ಕೆ ಸರಿಸಿದರೆ ಮತ್ತೆ ಎರಡಕ್ಕೆ ಬರುತ್ತದೆ. ಅವಳು ನಾಲ್ಕು ಎಂದೇ ಬರೆದಿದ್ದಳು. ಆದರೆ ಹೊತ್ತನ್ನೂ ಆ ನಾಲ್ಕನ್ನೂ ಸೇರಿಸಿ ಆವರಣ ಚಿಹ್ನೆ ಹಾಕಲು ಮರೆತಿದ್ದಳು. ಆವರಣವಿಲ್ಲದ್ದನ್ನು ಕಂಡು ಯಂತ್ರ ಮೊದಲು ಸರಿಸಿ ಆಮೇಲೆ ಹಿಂಡಿತ್ತು. ಸೀರೆಯನ್ನು ಮೊದಲು ನಾಲ್ಕು ಮೊಳ ಎಳೆದು ಆಮೇಲೆ ಎರಡು ಮಡಿಕೆ ಮಾಡಿದರೆ, ಎಳೆದ ನಾಲ್ಕು ಮೊಳವೂ ಎರಡೇ ಆಗುತ್ತದಲ್ಲ, ಹಾಗೆ. ಮಡಿಸಿ ಆಮೇಲೆ ಎಳೆದಿದ್ದರೆ ನಾಲ್ಕು ನಾಲ್ಕಾಗಿಯೇ ಇರುತ್ತಿತ್ತು.

"ಆವರಣ!" ಎಂದಳು ನೀಲಾಂಬಿಕೆ, ಅಳುವ ದನಿಯಲ್ಲಿ.

ದಸ್ತಗೀರ ಇಣುಕಿ ನೋಡಿದ. ಮೀಸೆ ಒಮ್ಮೆ ಕುಣಿಯಿತು. "ಅಕ್ಕಾರ, ಇದಕ್ಕ ನನಗ ವಾರ್ಷಿಕ ಪರೀಕ್ಷಾದಾಗ ಮಾರ್ಕ್ಸ್ ಕಟ್ ಮಾಡಿದ್ರಿ ನೀವು."

"ಹಲ್ಲು ಕಿಸೀಬ್ಯಾಡೋ! ನಿಲ್ಲಸಾಕ ಬರ್ತೈತೇನು?"

"ಉಪ್ಪು ಗಟ್ಟಿ ಆಗಾಕ ಹತ್ತಿದ ಮ್ಯಾಲೆ ಮುಗೀತ್ರಿ. ಪೂರಾ ಕಕ್ಕಿನ ನಿಲ್ತೈತಿ." ಅವನು ದನಿ ತಗ್ಗಿಸಿದ. "ಉಪ್ಪಿನ ಮ್ಯಾಲೆ ಹಾಕಿಬಿಡ್ರಿ ಅಕ್ಕಾರ. ಉಪ್ಪು ಕೆಟ್ಟಿತ್ತು ಅಂದ್ರ ಯಾರು ನೋಡ್ಯಾರು?"

ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಸುಳ್ಳೇಕೆ, ಚೆನ್ನಾಗಿಯೇ ಆಸೆಯಾಯಿತು. ಆಮೇಲೆ ತಲೆ ಕೊಡವಿದಳು. "ಉಪ್ಪು ಕೆಟ್ಟೈತಿ ಅಂದ್ರ ಯಂತ್ರ ಹೋಗ್ತೈತಿ. ನಾ ಕೆಟ್ಟೀನಿ ಅಂದ್ರ ನಾ ಒಬ್ಬಾಕಿ ಹೋಗ್ತೀನಿ. ಉಪ್ಪು ತಿಂದಾವ ನೀರ ಕುಡೀಬೇಕು, ನಡಿ. ನೀ ಸೈರನ್ ಹಚ್ಚಾಕ ತಯಾರಾಗು."

ಫೋನು ಹಚ್ಚಿದರೆ ಧ್ವನಿವರ್ಧಕದ ಗದ್ದಲದಲ್ಲಿ ಅತ್ತೆಗೆ ಕೇಳಿಸಲಿಲ್ಲ. ನೀಲಾಂಬಿಕೆ ಸೆರಗು ಸಿಕ್ಕಿಸಿಕೊಂಡು ಬಯಲಿಗೆ ಓಡಿದಳು. ಚಪ್ಪಲಿಯ ಕೆಳಗೆ ಬೀದಿಯ ಕಲ್ಲು ಆಗಲೇ ಚುರುಗುಟ್ಟುತ್ತಿತ್ತು. ಶಾಮಿಯಾನದ ಒಳಗೆ ಜನ ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಕಲ್ಲೂರಗಿಯ ಮಹಾಜನತೆಗೆ ನಾನು ಭರವಸೆ ಕೊಡುವುದೇನೆಂದರೆ," ಎಂದು ಮಂತ್ರಿಗಳು ಕೈ ಎತ್ತಿದ್ದರು. ಏನು ಭರವಸೆ ಎಂಬುದು ಊರಿಗೆ ಇಂದಿಗೂ ಗೊತ್ತಾಗಿಲ್ಲ. ನೀಲಾಂಬಿಕೆ ಮೆಟ್ಟಿಲು ಹತ್ತಿದವಳೇ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ತಪ್ಪಾಗೈತಿ! ನನ್ನಿಂದನ ತಪ್ಪಾಗೈತಿ. ಎರಡಕ್ಕ ಬರೂ ಬಿಸಲು ಹನ್ನೆರಡಕ್ಕ ಬರಾಕತ್ತೈತಿ. ಅತ್ತೀ, ಶಾವಿಗಿ! ಶಾವಿಗಿ ಮ್ಯಾಲೆ ಏರಸ್ರಿ! ಉಳಿದವರು ನೆಲಮಾಳಿಗಿ ಸೇರ್ಕೊಳ್ರಿ!"

ಗುರುಬಸವ್ವ ಎದ್ದಳು. ಅವಳು ಎದ್ದಳೆಂದು ಸಂಘವೆಲ್ಲ ಎದ್ದಿತು. ಮುಂದಿನ ಸಾಲುಗಳು ಒಂದೇ ಏಟಿಗೆ ಖಾಲಿಯಾಗಿ, ಮಂತ್ರಿಗಳ ಎದುರಿಗೆ ಬರೀ ಕುರ್ಚಿಗಳು ಉಳಿದವು. ಅವರು ಅಷ್ಟು ಚಿಕ್ಕ ಭಾಷಣ ಮಾಡಿದ್ದು ಅದೇ ಮೊದಲು. ಮಹಾಂತೇಶ ಅವರ ಕೈ ಹಿಡಿದು, "ಬರ್ರಿ ಸಾಹೇಬ್ರ, ಮಜ್ಜಿಗಿ ಐತಿ," ಎಂದು ಖಾನಾವಳಿಯ ನೆಲಮಾಳಿಗೆಗೆ ಇಳಿಸಿಕೊಂಡು ಹೋದ.

ಆಮೇಲೆ ಓಣಿಯಲ್ಲಿ ನಡೆದದ್ದು ಯುದ್ಧ. ಸೀರೆಯ ಕಚ್ಚೆ ಬಿಗಿದು ಹೆಂಗಸರು ಕೋಲು ಹೊತ್ತು ಏಣಿ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಇವರ ಮನೆಯದು ಮುಗಿದರೆ ಅವರ ಮನೆಗೆ ಓಡಿದರು. ಮಾಳಿಗೆ ಕಾದು ಕಾಲು ಇಡಲಾಗದಿದ್ದಾಗ ಗೋಣಿಚೀಲ ಒದ್ದೆ ಮಾಡಿ ಹಾಸಿಕೊಂಡರು. ಗುರುಬಸವ್ವ ಓಣಿಯ ನಡುವೆ ನಿಂತು, "ಏ ಮಲ್ಲವ್ವಾ, ಬಾಣಂತಿ ಹಂಗ ನಡೀಬ್ಯಾಡ, ಓಡು!" ಎಂದು ಕೂಗುತ್ತಿದ್ದಳು. ಎಲ್ಲರ ಮನೆಯ ಶಾವಿಗೆ ಏರಿದ ಮೇಲೆಯೇ ಅವಳು ತನ್ನ ಮನೆಯ ಏಣಿಗೆ ಕಾಲಿಟ್ಟದ್ದು. ನೀಲಾಂಬಿಕೆ ಕೆಳಗಿನಿಂದ ಕೋಲು ಕೊಡುತ್ತಿದ್ದಳು, ಅತ್ತೆ ಮೇಲೆ ಜೋಡಿಸುತ್ತಿದ್ದಳು. ಅರ್ಧ ಏರಿಸುವಷ್ಟರಲ್ಲಿ ಸೈರನ್ ಕೂಗಿತು.

"ಅತ್ತೀ, ಸಾಕು, ಇಳೀರಿ!"

"ಇನ್ನ ಅರ್ಧ ಅದಾವಲ್ಲೇ! ಕೊಡ ಇತ್ತಾಗ!"

"ಹೋಗ್ಲಿ ಬಿಡ್ರಿ! ಶಾವಿಗಿ ಮತ್ತ ಹೊಸೀಬಹುದು!" ನೀಲಾಂಬಿಕೆ ಮೇಲೆ ಹತ್ತಿ ಅತ್ತೆಯ ಸೊಂಟಕ್ಕೆ ಕೈ ಹಾಕಿದಳು. ಗುರುಬಸವ್ವನ ಮುಖ ಕೆಂಡವಾಗಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಸೊಸೆ ಬಿಡಲಿಲ್ಲ, ಬೈಸಿಕೊಳ್ಳುತ್ತಲೇ ಇಳಿಸಿದಳು, ಬೈಸಿಕೊಳ್ಳುತ್ತಲೇ ನೆಲಮಾಳಿಗೆಗೆ ಎಳೆದೊಯ್ದಳು, ಬೈಸಿಕೊಳ್ಳುತ್ತಲೇ ತಲೆಯ ಮೇಲೆ ತಣ್ಣೀರು ಹೊಯ್ದಳು. ಬೈಗುಳ ನಿಂತರೆ ಏನು ಗತಿ ಎಂದು ಅವಳಿಗೆ ಭಯವಾಗಿತ್ತು. ನಿಲ್ಲಲಿಲ್ಲ, ದೇವರು ದೊಡ್ಡವನು.

ಮೇಲೆ ಊರು ಬಾಣಲೆಯಾಯಿತು. ಕೆಳಗೆ ಮಂತ್ರಿಗಳು ಮಜ್ಜಿಗೆ ಕುಡಿದು ಗೊರಕೆ ಹೊಡೆದರು. ಮೂರು ಗಂಟೆಗೆ ಬಾಗಿಲು ತೆರೆದಾಗ ತಂಗಾಳಿ ಬೀಸುತ್ತಿತ್ತು, ಬೇವಿನ ಮರದಲ್ಲಿ ಗಿಳಿಗಳು ಕೂಗುತ್ತಿದ್ದವು.

ಸಂಜೆ ಬಯಲು ತುಂಬಿತು. ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ತಮ್ಮ ಮನೆಯ ಶಾವಿಗೆ ಹಿಡಿದು ಮುರಿದರು. ಪಟ್. ಪಟ್. ಅಂಥ ಶಾವಿಗೆಯನ್ನು ಕಲ್ಲೂರಗಿ ಕಂಡಿರಲೇ ಇಲ್ಲ. ಪ್ರತಿ ಸದ್ದಿಗೂ ಜನ ಹೋ ಎಂದರು. ಕೊನೆಗೆ ಗುರುಬಸವ್ವ ಬಂದಳು. ಮಾಳಿಗೆ ಏರದೆ ಉಳಿದ ಅರ್ಧ ಪಾಲಿನಿಂದಲೇ ಒಂದು ಹಿಡಿ ತಂದಿದ್ದಳು. ಒಣಗಿದ್ದನ್ನು ಮಾತ್ರ ತಂದು ತೋರಿಸುವ ಜಾಯಮಾನ ಅವಳದಲ್ಲ. ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಶಾವಿಗೆ ಮುರಿಯಲಿಲ್ಲ. ಮೆತ್ತಗೆ ಬಾಗಿತು.

ಬಾಗಿದರೆ ಯಂತ್ರ ಬಂದ್ ಎಂದು ಅವಳೇ ಆಡಿದ್ದಳು, ಊರೇ ಕೇಳಿತ್ತು. ನೀಲಾಂಬಿಕೆ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡಳು. ಒಂದೇ ಒಂದು ಆವರಣಕ್ಕೆ ಎಲ್ಲ ಹೋಯಿತು.

"ನನ್ನ ಶಾವಿಗಿ ಬಾಗೈತಿ, ಖರೆ," ಎಂದಳು ಗುರುಬಸವ್ವ ಮೈಕಿನಲ್ಲಿ. "ನಾ ಆಡಿದ ಮಾತೂ ನನಗ ನೆನಪೈತಿ. ಆದ್ರ ಒಂದು ಹೇಳ್ತೀನಿ ಕೇಳ್ರಿ. ಇವತ್ತ ತಪ್ಪ ಮಾಡಿದ್ದು ಯಂತ್ರ ಅಲ್ಲ. ಅದಕ್ಕ ಹೆಂಗ ಹೇಳಿದ್ರೋ ಹಂಗ ಮಾಡೈತಿ ಪಾಪ. ತಪ್ಪ ಮಾಡಿದಾಕಿ ನನ್ನ ಸೊಸಿ. ಮಾಡಿದಾಕಿ ಮುಚ್ಚಿಡಲಿಲ್ಲ, ಮಂತ್ರಿ ಕೈಯಾಗಿನ ಮೈಕ್ ಕಸಗೊಂಡು ಊರ ಮುಂದ ಹೇಳ್ಯಾಳ. ಯಂತ್ರ ಕೆಟ್ರ ರಿಪೇರಿ ಮಾಡಾಕ ನನಗ ಬರಂಗಿಲ್ಲ. ಸೊಸಿ ಕೆಟ್ರ ರಿಪೇರಿ ಮಾಡಾಕ ಬರತೈತಿ! ಯಂತ್ರ ಇರಲಿ."

ಅವಳು ಕೈ ಎತ್ತಿದಳು. ಮಲ್ಲವ್ವ ಎತ್ತಿದಳು. ಹಸಿರು ಬಳೆ ತುಂಬಿದ ಕೈಗಳು ಒಂದರ ಹಿಂದೊಂದು ಮೇಲೆದ್ದವು, ಗಂಡಸರು ನಗುತ್ತ ನಗುತ್ತಲೇ ಎತ್ತಿದರು. ನೀಲಾಂಬಿಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಹಸಿ ಉಳಿದ ಶಾವಿಗೆಯನ್ನು ಮಹಾಂತೇಶ ಆಗಲೇ ಒಯ್ದು ಬೇಯಿಸಿ ಬಸಿದು, ಬೆಲ್ಲ ಹಾಲು ಹಾಕಿ ಬಂದವರಿಗೆಲ್ಲ ಬಡಿಸತೊಡಗಿದ್ದ.

ಗುರುಬಸವ್ವ ವೇದಿಕೆಯಿಂದ ಇಳಿದು ಬಂದು ಸೊಸೆಯ ಸೆರಗಿನಿಂದಲೇ ಸೊಸೆಯ ಮುಖ ಒರೆಸಿದಳು.

"ಸಾಕ ಅತ್ತದ್ದು. ನಾಳಿ ಬಿಸಲು ಎಷ್ಟಕ್ಕ ಕೊಡ್ತಿ?"

ಇಷ್ಟು ದಿನದಲ್ಲಿ ಅತ್ತೆ ಹಾಗೆ ಕೇಳಿದ್ದು ಅದೇ ಮೊದಲು. ನೀಲಾಂಬಿಕೆ ಮೂಗು ಎಳೆದುಕೊಂಡಳು. "ನೀವು ಎಷ್ಟಕ್ಕಂತೀರೋ ಅಷ್ಟಕ್ರಿ."

"ಒಂದಕ್ಕ ಕೊಡು. ಉಂಡು ಮಕ್ಕೊಳ್ಳಾಕ ಚಲೋ ಆಕ್ಕೈತಿ. ಮತ್ತ ಲೆಕ್ಕ ಬರದ ಮ್ಯಾಲೆ..." ಗುರುಬಸವ್ವ ಸುತ್ತ ಕಣ್ಣಾಡಿಸಿ, ಶಾವಿಗೆ ತಿನ್ನುತ್ತ ತನ್ನ ಪರೀಕ್ಷೆಯ ಮಾರ್ಕ್ಸಿನ ಕಥೆಯನ್ನು ಎಲ್ಲರಿಗೂ ಹೇಳುತ್ತ ನಿಂತಿದ್ದ ದಸ್ತಗೀರನ ಕಡೆಗೆ ಬೆರಳು ಮಾಡಿದಳು. "ಆ ಹುಡುಗಗ ಒಮ್ಮೆ ತೋರಸು. ತಪ್ಪಿದ್ರ ಮಾರ್ಕ್ಸ್ ಕಟ್ ಮಾಡಲಿ."

"ಆಗಲ್ರಿ ಅತ್ತೀ," ಎಂದಳು ನೀಲಾಂಬಿಕೆ.